ಪಕ್ಕದ ಹಳಿ ಖಾಲಿ ಇದ್ದರೂ ರೈಲು ಯಾಕೆ ನಿಲ್ಲುತ್ತದೆ?

ಪ್ರಶ್ನೆ: ಉಡುಪಿಯಿಂದ ಮಂಗಳೂರಿಗೆ ಕೆಲಸದ ಮೇಲೆ ಆಗಾಗ ರೈಲಿನಲ್ಲಿ ಹೋಗುತ್ತಿರುತ್ತೇನೆ. ಮುಲ್ಕಿಯಲ್ಲೋ ಸುರತ್ಕಲ್ಲಿನಲ್ಲೋ ಕ್ರಾಸಿಂಗ್ ಎಂದು ಇಪ್ಪತ್ತು ನಿಮಿಷ ನಿಲ್ಲಿಸುತ್ತಾರೆ. ಮಂಗಳೂರು ಹತ್ತಿರ ಬಂದ ಮೇಲೆ ನಿಲ್ದಾಣದ ಹೊರಗಿನ ಔಟರ್‌ನಲ್ಲಿ ಮತ್ತೆ ಕಾಯಬೇಕು. ಕಿಟಕಿಯಿಂದ ನೋಡಿದರೆ ಒಂದೆರಡು ಹಳಿಗಳಾದರೂ ಖಾಲಿ ಬಿದ್ದಿರುತ್ತವೆ. ಹಾಗಿದ್ದರೆ ಒಳಗೆ ತೆಗೆದುಕೊಳ್ಳಲು ಏನು ಅಡ್ಡಿ? ಸೆಂಟ್ರಲ್‌ನಿಂದ ಹೊಸ ರೈಲು ಬೇಕೆಂದರೆ ‘ಪಿಟ್ ಲೈನ್ (ಬೋಗಿಗಳ ಅಡಿಭಾಗ ತಪಾಸಣೆ ಮಾಡುವ ಹಳಿ) ಸಾಲದು’ ಎನ್ನುತ್ತಾರೆ. ಅದು ಕಾರಣವೋ, ನೆಪವೋ? — ಮಣಿಪಾಲದ ಓದುಗರೊಬ್ಬರು

ಉತ್ತರ: ನಿಮ್ಮ ಎರಡು ಪ್ರಶ್ನೆಗಳ ಬೇರು ಒಂದೇ. ಒಂದು ಮಾರ್ಗದಲ್ಲಿ ದಿನಕ್ಕೆ ಎಷ್ಟು ರೈಲು ಓಡಬಹುದು ಎಂಬುದನ್ನು ಊರಿಂದೂರಿಗೆ ಹಾಸಿದ ಉದ್ದನೆಯ ಹಳಿ ನಿರ್ಧರಿಸುವುದಿಲ್ಲ. ರೈಲು ಬದಿಗೆ ಸರಿದು ನಿಲ್ಲುವ ಜಾಗ ಎಲ್ಲೆಲ್ಲಿದೆ, ಎಷ್ಟು ಉದ್ದವಿದೆ, ಅದರೊಳಗೆ ಎಷ್ಟು ವೇಗದಲ್ಲಿ ನುಗ್ಗಬಹುದು, ಕೊನೆಯ ನಿಲ್ದಾಣದಲ್ಲಿ ರೇಕನ್ನು (ಜೋಡಿಸಿದ ಬೋಗಿಗಳ ಇಡೀ ಸಾಲನ್ನು) ತೊಳೆದು ತಪಾಸಣೆ ಮಾಡಿ ತಿರುಗಿಸಲು ಎಷ್ಟು ಹೊತ್ತು ಬೇಕು ಎಂಬುದೇ ನಿರ್ಧರಿಸುತ್ತದೆ. ಕಣ್ಣಿಗೆ ಖಾಲಿ ಕಾಣುವ ಹಳಿ ಸಿಗ್ನಲ್ ವ್ಯವಸ್ಥೆಯ ಲೆಕ್ಕದಲ್ಲಿ ಬಹಳ ಸಲ ಖಾಲಿ ಇರುವುದಿಲ್ಲ.

ಮೊದಲು ನಮ್ಮ ಮಾರ್ಗದ ಸ್ವರೂಪ ನೋಡೋಣ. ರೋಹಾದಿಂದ ತೋಕೂರಿನವರೆಗಿನ ಕೊಂಕಣ ರೈಲ್ವೆಯಲ್ಲಿ ಮಹಾರಾಷ್ಟ್ರದ ರೋಹಾ–ವೀರ್ ತುಂಡನ್ನು ಬಿಟ್ಟರೆ ಉಳಿದದ್ದೆಲ್ಲ ಒಂಟಿ ಹಳಿ. ಮಂಗಳೂರು–ಉಡುಪಿ ನಡುವೆ ರೈಲು ಓಡಲು ಶುರುವಾದದ್ದು 1993ರಲ್ಲಿ, ಇಡೀ ಮಾರ್ಗ ತೆರೆದದ್ದು 1998ರಲ್ಲಿ. 2022ರಲ್ಲಿ ವಿದ್ಯುದೀಕರಣವೂ ಮುಗಿಯಿತು. ಎಂಜಿನ್ ಬದಲಾಯಿತೇ ಹೊರತು ಹಳಿ ಒಂದು ಇದ್ದದ್ದು ಎರಡಾಗಲಿಲ್ಲ. ತೋಕೂರು ದಾಟಿದರೆ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ. ಪಡೀಲಿನ ಬಳಿ ಹಾಸನದ ಕಡೆಯಿಂದ ನೈಋತ್ಯ ರೈಲ್ವೆಯ ಮಾರ್ಗ ಬಂದು ಸೇರುತ್ತದೆ. ಹೀಗೆ ಮೂರು ಆಡಳಿತಗಳ ರೈಲುಗಳು ಕೆಲವೇ ಕಿಲೋಮೀಟರ್ ಅಂತರದಲ್ಲಿ ಒಂದನ್ನೊಂದು ಕಾಯುತ್ತವೆ. ಇದಕ್ಕೆ ಪಣಂಬೂರು ಬಂದರಿನ ಗೂಡ್ಸ್ ರೇಕುಗಳನ್ನೂ ಸೇರಿಸಿಕೊಳ್ಳಿ.

ಒಂಟಿ ಹಳಿಯ ಮೇಲೆ ಎದುರುಬದುರು ಬರುವ ರೈಲುಗಳ ಸ್ಥಿತಿ ಗದ್ದೆಯ ಬದುವಿನ ಮೇಲೆ ಎದುರಾದ ಇಬ್ಬರದ್ದೇ. ಒಬ್ಬರು ಪಕ್ಕಕ್ಕೆ ಸರಿಯಲೇಬೇಕು, ಸರಿಯಲು ಜಾಗ ಇರುವಲ್ಲೇ ಸರಿಯಬೇಕು. ಆ ಜಾಗವೇ ಲೂಪ್ ಲೈನ್: ಮೇನ್ ಲೈನಿನಿಂದ ಒಂದು ಪಾಯಿಂಟಿನಲ್ಲಿ (ರೈಲು ಹಳಿ ಬದಲಿಸುವ ಜಾಗದಲ್ಲಿ) ಕವಲೊಡೆದು ನಿಲ್ದಾಣದ ಉದ್ದಕ್ಕೂ ಪಕ್ಕದಲ್ಲೇ ಸಾಗಿ, ಇನ್ನೊಂದು ತುದಿಯ ಪಾಯಿಂಟಿನಲ್ಲಿ ಮತ್ತೆ ಮೇನ್‌ಗೆ ಸೇರುವ ಹಳಿ. ಒಂದೇ ತುದಿ ಸೇರಿಕೊಂಡು ಇನ್ನೊಂದು ತುದಿ ಮುಚ್ಚಿಕೊಂಡಿದ್ದರೆ ಅದು ಸೈಡಿಂಗ್. ಗೂಡ್ಸ್ ತುಂಬಲು, ಕೆಟ್ಟ ಬೋಗಿ ಬಿಡಲು, ಹಳಿ ರಿಪೇರಿಯ ಯಂತ್ರ ನಿಲ್ಲಿಸಲು ಅದು ಬೇಕು. ಕ್ರಾಸಿಂಗ್‌ಗೆ ಅದು ಉಪಯೋಗಕ್ಕೆ ಬಾರದು. ನೀವು ಕಿಟಕಿಯಿಂದ ಕಂಡ ‘ಖಾಲಿ ಹಳಿ’ಗಳಲ್ಲಿ ಕೆಲವು ಈ ಜಾತಿಯವು.

ಒಂದು ಕ್ರಾಸಿಂಗ್ ಹೇಗೆ ನಡೆಯುತ್ತದೆ?

ಮುಲ್ಕಿಯಂಥ ನಿಲ್ದಾಣಕ್ಕೆ ಉಡುಪಿ ಕಡೆಯಿಂದ ಒಂದು ಗೂಡ್ಸ್, ತೋಕೂರು ಕಡೆಯಿಂದ ನಿಮ್ಮ ಎಕ್ಸ್‌ಪ್ರೆಸ್ ಬರುತ್ತಿದೆ ಎನ್ನಿ. ಎರಡು ನಿಲ್ದಾಣಗಳ ನಡುವಿನ ಹಳಿಗೆ ಬ್ಲಾಕ್ ಸೆಕ್ಷನ್ ಎನ್ನುತ್ತಾರೆ. ಅದರೊಳಗೆ ಒಂದು ಹೊತ್ತಿಗೆ ಒಂದೇ ರೈಲು. ಮುಂದಿನ ಸ್ಟೇಷನ್ ಮಾಸ್ಟರ್ ಲೈನ್ ಕ್ಲಿಯರ್, ಅಂದರೆ ಹಳಿ ಖಾಲಿ ಇದೆ ಎಂಬ ಒಪ್ಪಿಗೆ, ಕೊಡದೆ ಹಿಂದಿನವರು ರೈಲು ಬಿಡುವಂತಿಲ್ಲ. ಬಾಯಿಮಾತಿನ ಒಪ್ಪಿಗೆಯಷ್ಟೇ ಅಲ್ಲ, ಬ್ಲಾಕ್ ಉಪಕರಣ ಒಪ್ಪದಿದ್ದರೆ ಹೊರಡುವ ಸಿಗ್ನಲ್ಲೇ ಬೀಳುವುದಿಲ್ಲ.

ಗೂಡ್ಸ್ ಮೊದಲು ಬಂತು. ಮಾಸ್ಟರ್ ಪ್ಯಾನಲಿನಲ್ಲಿ ಲೂಪ್‌ಗೆ ರೂಟ್ ಹಾಕುತ್ತಾರೆ. ಪಾಯಿಂಟಿನ ಪಕ್ಕದಲ್ಲಿರುವ ಮೋಟಾರು ಪೆಟ್ಟಿಗೆ ಎರಡು ಚೂಪು ಹಳಿಗಳನ್ನು, ಅಂದರೆ ಟಂಗ್ ರೈಲುಗಳನ್ನು, ನಾಲ್ಕೈದು ಸೆಕೆಂಡಿನಲ್ಲಿ ಒಂದು ಬದಿಗೆ ಸರಿಸಿ ಬೀಗ ಹಾಕುತ್ತದೆ. ಚೂಪು ಹಳಿ ಪಕ್ಕದ ಅಲುಗದ ಹಳಿಗೆ, ಅಂದರೆ ಸ್ಟಾಕ್ ರೈಲಿಗೆ, ಅಂಟಿ ಕೂತಿದೆ ಎಂದು ಖಚಿತವಾದರೆ ಮಾತ್ರ ಸಿಗ್ನಲ್ ಬರುತ್ತದೆ. ಇದಕ್ಕೊಂದು ಪರೀಕ್ಷೆ ಇದೆ: ಚೂಪು ತುದಿಯಿಂದ 150 ಮಿ.ಮೀ. ಒಳಗೆ 5 ಮಿ.ಮೀ. ದಪ್ಪದ ಕಬ್ಬಿಣದ ತುಂಡು ಇಟ್ಟು ಮೋಟಾರು ಓಡಿಸಬೇಕು. ಪಾಯಿಂಟ್ ಲಾಕ್ ಆಗಬಾರದು, ಸಿಗ್ನಲ್ ಬರಬಾರದು. ಬಂದರೆ ಆ ಪಾಯಿಂಟ್ ಅಪಾಯಕಾರಿ. ಅಂದರೆ ಒಂದು ಸಣ್ಣ ಜಲ್ಲಿ ಚೂರು ಸಿಕ್ಕಿಕೊಂಡರೂ ನಿಲ್ದಾಣ ಅಲ್ಲಿಗೆ ಸ್ತಬ್ಧ. ಹಾಗೆ ಸ್ತಬ್ಧವಾಗಲಿ ಎಂದೇ ಅದನ್ನು ಮಾಡಿರುವುದು.

ಪಾಯಿಂಟ್ ಕೂತ ಮೇಲೆ, ನಿಲ್ದಾಣದೊಳಗೆ ಬರಲು ಅನುಮತಿ ಕೊಡುವ ಹೋಮ್ ಸಿಗ್ನಲಿನಲ್ಲಿ ಹಳದಿ ದೀಪ, ಅದರ ತಲೆಯ ಮೇಲೆ ಓರೆಯಾಗಿ ಐದು ಬಿಳಿ ದೀಪಗಳ ಸಾಲು ಬೆಳಗುತ್ತದೆ. ರೈಲು ತಿರುಗಿ ಲೂಪ್‌ಗೆ ಹೋಗಲಿದೆ ಎಂದು ಲೋಕೋ ಪೈಲಟ್‌ಗೆ ಅದು ಹೇಳುತ್ತದೆ. ಐದರಲ್ಲಿ ಮೂರಾದರೂ ಉರಿಯಬೇಕು, ಇಲ್ಲವಾದರೆ ಸಿಗ್ನಲ್ ಕೆಂಪಿಗೇ ಉಳಿಯುತ್ತದೆ. ಮುಂದಿನ ಬಾರಿ ತಿರುವಿನಲ್ಲಿ ಕಂಡರೆ ಗಮನಿಸಿ: ಬಿಳಿ ಸಾಲು ಉರಿದಿದೆ ಎಂದರೆ ನಿಮ್ಮದನ್ನೇ ಬದಿಗೆ ಹಾಕುತ್ತಿದ್ದಾರೆ, ಸಾಲು ಉರಿಯದೆ ಹಸಿರು ಬಂದರೆ ನೇರ ದಾರಿ.

ಈಗ ನಿಧಾನದ ಭಾಗ. ಲೂಪಿನ ತಿರುವು 1:8.5 (ಎಂಟೂವರೆ ಮೀಟರ್ ಮುಂದೆ ಹೋದಾಗ ಒಂದು ಮೀಟರ್ ಬದಿಗೆ) ಆಗಿದ್ದರೆ ಗಂಟೆಗೆ 15 ಕಿ.ಮೀ. ಮೀರುವಂತಿಲ್ಲ. 1:12ರ ಬಾಗಿದ ಪಾಯಿಂಟ್ ಕಾಂಕ್ರೀಟ್ ಸ್ಲೀಪರ್ ಮೇಲಿದ್ದು, ಲೂಪಿನ ಹಳಿಯೂ ಆ ಮಟ್ಟದ್ದಾಗಿದ್ದರೆ 30 ಕಿ.ಮೀ. ಎಂಜಿನ್ ತಿರುವು ದಾಟಿದರೆ ಸಾಲದು, ಕೊನೆಯ ವ್ಯಾಗನ್ ದಾಟುವವರೆಗೂ ಅದೇ ವೇಗ. 700 ಮೀಟರ್ ಸಾಗಲು 15ರ ವೇಗದಲ್ಲಿ ಸುಮಾರು 2 ನಿಮಿಷ 50 ಸೆಕೆಂಡ್, 30ರಲ್ಲಿ 1 ನಿಮಿಷ 25 ಸೆಕೆಂಡ್. ಒಳಗೆ ಬರುವಾಗ ಒಮ್ಮೆ, ಹೊರಡುವಾಗ ಒಮ್ಮೆ. ಹೀಗೆ ಪ್ರತಿ ಕ್ರಾಸಿಂಗಿಗೆ ಹೆಚ್ಚುಕಮ್ಮಿ ಮೂರು ನಿಮಿಷ ತಿರುವಿನ ಕೋನವೊಂದರಲ್ಲೇ ಕಳೆದುಹೋಗುತ್ತದೆ. ದಾರಿಯಲ್ಲಿ ಹತ್ತು ಕ್ರಾಸಿಂಗ್ ಸಿಕ್ಕಿದರೆ ಅರ್ಧ ಗಂಟೆ. ವೇಗದ ಎಂಜಿನ್ ಬಗ್ಗೆ ಸುದ್ದಿ ಮಾಡುವವರು ಈ ಪಾಯಿಂಟ್ ಬದಲಾವಣೆಯ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ.

ಗೂಡ್ಸ್ ಬಂದು ನಿಂತಿತು. ಎರಡು ಹಳಿಗಳು ಸೇರುವ ಕಡೆ, ಅವುಗಳ ನಡುವೆ ಬಿಳಿ ಬಳಿದ ಒಂದು ಗುರುತು ನೆಲದಲ್ಲಿ ಇರುತ್ತದೆ. ಅದು ಫೌಲಿಂಗ್ ಮಾರ್ಕ್. ಕೊನೆಯ ವ್ಯಾಗನ್ ಅದರ ಒಳಗೆ ಬಂದಿರಬೇಕು. ಒಂದು ಮೀಟರ್ ಹೊರಗೆ ಚಾಚಿದ್ದರೂ ಮೇನ್ ಲೈನಿನಲ್ಲಿ ಬರುವ ಬೋಗಿಗೆ ತಾಗುತ್ತದೆ. ರೈಲಿನ ಬಾಲದಲ್ಲಿರುವ ಎಲ್.ವಿ. (ಲಾಸ್ಟ್ ವೆಹಿಕಲ್, ಕೊನೆಯ ಬಂಡಿ) ಫಲಕವನ್ನೋ ಮಿನುಗುವ ಕೆಂಪು ದೀಪವನ್ನೋ ಸಿಬ್ಬಂದಿ ಕಣ್ಣಾರೆ ನೋಡಿ ‘ಪೂರ್ತಿ ಬಂದಿದೆ’ ಎಂದು ಖಾತ್ರಿ ಮಾಡಿಕೊಳ್ಳಬೇಕು, ಇಲ್ಲವೇ ಆಕ್ಸಲ್ ಕೌಂಟರ್ ಒಳಹೋದ ಮತ್ತು ಹೊರಬಂದ ಅಚ್ಚುಗಳ ಲೆಕ್ಕ ಸರಿಹೋಗಿದೆ ಎಂದು ತೋರಿಸಬೇಕು. ದಾರಿಯಲ್ಲಿ ಕೊಂಡಿ ಕಳಚಿ ಎರಡು ವ್ಯಾಗನ್ ಹಿಂದೆ ಉಳಿದಿದ್ದರೆ ಏನು ಗತಿ ಎಂದು ಯೋಚಿಸಿದರೆ ಈ ಹಟದ ಅರ್ಥ ಗೊತ್ತಾಗುತ್ತದೆ.

ಆಮೇಲೆ ಪಾಯಿಂಟ್ ಮತ್ತೆ ಮೇನ್‌ಗೆ ತಿರುಗಿ ಎಕ್ಸ್‌ಪ್ರೆಸ್ಸಿಗೆ ದಾರಿ. ಅದು ದಾಟಿದ ಮಾತ್ರಕ್ಕೆ ಗೂಡ್ಸ್ ಹೊರಡುವುದಿಲ್ಲ. ಎಕ್ಸ್‌ಪ್ರೆಸ್ ಖಾಲಿ ಮಾಡಿಬಂದ ಸೆಕ್ಷನ್ನಿನ ಹಿಂದಿನ ಲೈನ್ ಕ್ಲಿಯರನ್ನು ಮುಗಿಸಿ, ಗೂಡ್ಸಿಗೆ ಹೊಸದಾಗಿ ಲೈನ್ ಕ್ಲಿಯರ್ ಪಡೆದು, ಹೊರಡಲು ಅನುಮತಿ ಕೊಡುವ ಸ್ಟಾರ್ಟರ್ ಸಿಗ್ನಲ್ ಕೊಟ್ಟ ಮೇಲೆ, ಅರ್ಧ ಕಿಲೋಮೀಟರಿಗೂ ಉದ್ದದ ಬ್ರೇಕ್ ಪೈಪಿನಲ್ಲಿ ಗಾಳಿ ತುಂಬಿ ಕೊನೆಯ ವ್ಯಾಗನ್ನಿನ ಬ್ರೇಕ್ ಸಡಿಲವಾಗುವವರೆಗೆ ಕಾಯಬೇಕು. ನೀವು ಲೂಪಿನಲ್ಲಿದ್ದ ದಿನ ‘ಎದುರಿನ ರೈಲು ಹೋಗಿ ಐದು ನಿಮಿಷವಾದರೂ ಬಿಡಲಿಲ್ಲ’ ಎಂದು ಅನ್ನಿಸುವುದು ಈ ಹೊತ್ತಿನಲ್ಲಿ.

ಔಟರ್‌ನಲ್ಲಿ ಕಾಯಿಸುವುದು

ಇಲ್ಲಿ 120 ಮೀಟರಿನ ಒಂದು ನಿಯಮ ಕೆಲಸ ಮಾಡುತ್ತದೆ, ಪ್ರಯಾಣಿಕರಿಗೆ ಗೊತ್ತಿರುವುದಿಲ್ಲ. ಬಣ್ಣದ ದೀಪದ ಸಿಗ್ನಲ್ ಇರುವಲ್ಲಿ ಒಂದು ರೈಲನ್ನು ಲೂಪಿಗೆ ತೆಗೆದುಕೊಳ್ಳಬೇಕಾದರೆ, ಅದು ನಿಲ್ಲಬೇಕಾದ ಸ್ಟಾರ್ಟರ್ ಸಿಗ್ನಲಿನ ಆಚೆಗೂ 120 ಮೀಟರ್ ಹಳಿ ಖಾಲಿ ಇರಬೇಕು. ಲೋಕೋ ಪೈಲಟ್‌ಗೆ ಬ್ರೇಕ್ ಅಂದಾಜು ತಪ್ಪಿ ಸ್ವಲ್ಪ ಮುಂದೆ ಜಾರಿದರೂ ಯಾರಿಗೂ ಗುದ್ದಬಾರದು ಎಂಬ ಮುನ್ನೆಚ್ಚರಿಕೆ. ಆದರೆ ಲೂಪಿನ ಸ್ಟಾರ್ಟರ್ ಆಚೆಗೆ ಇರುವುದೇನು? ಮೇನ್ ಲೈನಿಗೆ ಸೇರುವ ಪಾಯಿಂಟ್. ಅಂದರೆ ಗೂಡ್ಸ್ ಲೂಪಿನೊಳಗೆ ಬರುತ್ತಿರುವಷ್ಟು ಹೊತ್ತು ಎದುರಿನ ತುದಿಯ ಮೇನ್ ಲೈನ್ ಕೂಡ ಅದರ ಹೆಸರಿಗೇ ಬರೆದಿಟ್ಟ ಹಾಗೆ. ನಿಮ್ಮ ಎಕ್ಸ್‌ಪ್ರೆಸ್ ಆಗ ಬಂದರೆ ಹೋಮ್ ಸಿಗ್ನಲಿನಲ್ಲಿ ನಿಲ್ಲಲೇಬೇಕು. ನಿಮ್ಮ ಕಣ್ಣಿಗೆ ಆ ಹಳಿ ಖಾಲಿ, ಸಿಗ್ನಲಿನ ಲೆಕ್ಕದಲ್ಲಿ ತುಂಬಿದೆ.

ಇದಕ್ಕೆ ಪರಿಹಾರವೂ ಇದೆ. ಲೂಪಿನ ತುದಿಯಲ್ಲಿ, ಸ್ಟಾರ್ಟರ್ ದಾಟಿದ ರೈಲು ಮೇನ್‌ಗೆ ನುಗ್ಗದೆ ಮರಳಿನ ದಿಬ್ಬಕ್ಕೆ ಹೊಕ್ಕುವಂತೆ ಚಿಕ್ಕ ಕವಲೊಂದನ್ನು ಇಟ್ಟರೆ, ಆ 120 ಮೀಟರಿನ ಬದಲಿಗೆ ಅದು ಸಲ್ಲುತ್ತದೆ. ಆಗ ಎರಡೂ ಕಡೆಯ ರೈಲುಗಳನ್ನು ಒಟ್ಟಿಗೆ ಒಳಗೆ ಕರೆದುಕೊಳ್ಳಬಹುದು. ಮರಳಿನ ದಿಬ್ಬ ಅಂದರೆ ಹಳಿಯ ಮೇಲೆ ಏರುತ್ತಾ ಹೋಗುವ ಮರಳಿನ ರಾಶಿ, ಅಷ್ಟೆ. ಖರ್ಚು ದೊಡ್ಡದಲ್ಲ. ಅದಕ್ಕೆ ಬೇಕಾದ ಉದ್ದದ ಜಾಗ ಸಿಗುವುದೇ ಕಷ್ಟ. ಒಂದು ಕಡೆ ಮುರಕಲ್ಲಿನ ದರೆ, ಇನ್ನೊಂದು ಕಡೆ ತೋಡೋ ಗದ್ದೆಯೋ ಇರುವ ನಮ್ಮ ನಿಲ್ದಾಣಗಳಲ್ಲಿ ಯಾರ್ಡನ್ನು ನೂರು ಮೀಟರ್ ಬೆಳೆಸುವುದೂ ಸುಲಭವಲ್ಲ.

ಉದ್ದದ ಮಾತು ಬಂದದ್ದರಿಂದ ಗೂಡ್ಸಿನ ಲೆಕ್ಕವನ್ನೂ ನೋಡಿ. ಕಲ್ಲಿದ್ದಲು ಸಾಗಿಸುವ ಬಾಕ್ಸ್‌ಎನ್ ವ್ಯಾಗನ್ನಿನ ಉದ್ದ 10.713 ಮೀಟರ್. 58 ವ್ಯಾಗನ್‌ಗೆ 621 ಮೀಟರ್, ಬ್ರೇಕ್ ವ್ಯಾನ್ ಸುಮಾರು 14, ಎರಡು ಎಂಜಿನ್ ಸುಮಾರು 41. ಒಟ್ಟು 676. ಲೂಪಿನಲ್ಲಿ ರೈಲು ನಿಲ್ಲಲು ಸಿಗಬೇಕಾದ ಉದ್ದ ರೂಢಿಯಲ್ಲಿ 686 ಮೀಟರ್. ಲೋಕೋ ಪೈಲಟ್‌ಗೆ ಉಳಿಯುವ ಸಲಿಗೆ ಹತ್ತೇ ಮೀಟರ್. ಇಂಥ ರೈಲನ್ನು ಸ್ಟಾರ್ಟರಿಗೆ ಮೂಗು ತಾಗುವಷ್ಟು ಹತ್ತಿರ ತಂದು ನಿಲ್ಲಿಸಬೇಕು. ಮೂವತ್ತು ಮೀಟರ್ ಮೊದಲೇ ನಿಲ್ಲಿಸಿದರೆ ಬಾಲ ಫೌಲಿಂಗ್ ಮಾರ್ಕ್ ಆಚೆ ಉಳಿದು ಮೇನ್ ಲೈನ್ ಬಂದ್. 22 ಬೋಗಿಗಳ ಹೊಸ ಮಾದರಿಯ ಎಲ್‌ಎಚ್‌ಬಿ ರೈಲು ಎಂಜಿನ್ ಸೇರಿ 550 ಮೀಟರಿನ ಒಳಗೇ ಮುಗಿಯುವುದರಿಂದ ಅದಕ್ಕೆ ಈ ತಲೆಬಿಸಿ ಇಲ್ಲ. ಅದೇ ಕಾರಣಕ್ಕೆ ಎಲ್ಲಿ ಬೇಕೋ ಅಲ್ಲಿ ಬದಿಗೆ ಹಾಕಲು ಅನುಕೂಲವಾದದ್ದು ಪ್ರಯಾಣಿಕರ ರೈಲೇ! ಗೂಡ್ಸನ್ನು ಬಿಟ್ಟು ನಮ್ಮನ್ನು ನಿಲ್ಲಿಸಿದರು ಎಂದು ಸಿಟ್ಟಾಗುವ ಮೊದಲು ಈ ಲೆಕ್ಕ ನೆನಪಿರಲಿ. ಆದ್ಯತೆ ಯಾವಾಗಲೂ ಪ್ರಯಾಣಿಕ ರೈಲಿನದ್ದೇ, ಆದರೆ ಗೂಡ್ಸಿಗೆ ಆ ಹೊತ್ತಿನಲ್ಲಿ ಹಿಡಿಯುವ ಲೂಪೇ ಇಲ್ಲದಿದ್ದರೆ ಸೆಕ್ಷನ್ ಕಂಟ್ರೋಲರ್ ಏನು ಮಾಡಿಯಾರು?

ಒಂದು ನಿಲ್ದಾಣ ಹೆಚ್ಚಾದರೆ ಎಷ್ಟು ವ್ಯತ್ಯಾಸ?

2021ರಲ್ಲಿ ಉಡುಪಿ ಹತ್ತಿರದ ಇನ್ನಂಜೆಯನ್ನು ಕ್ರಾಸಿಂಗ್ ನಿಲ್ದಾಣ ಮಾಡಿದಾಗ ‘ಇಳಿಯುವವರು ನಾಲ್ಕು ಜನ ಇಲ್ಲದ ಕಡೆ ಯಾಕೆ ಇಷ್ಟು ಖರ್ಚು’ ಎಂದು ಕೇಳಿದವರಿದ್ದರೆ, ಉತ್ತರ ಒಂದು ಗುಣಾಕಾರದಲ್ಲಿದೆ. ಒಂಟಿ ಹಳಿಯ ಸಾಮರ್ಥ್ಯಕ್ಕೆ ರೈಲ್ವೆಯಲ್ಲಿ ಬಹಳ ಕಾಲದಿಂದ ಬಳಸುವ ಸ್ಕಾಟ್ ಸೂತ್ರ ಹೀಗಿದೆ: ದಿನದ 1440 ನಿಮಿಷಗಳನ್ನು, ಅತ್ಯಂತ ಉದ್ದದ ಬ್ಲಾಕ್ ಸೆಕ್ಷನ್ನಿನಲ್ಲಿ ನಿಧಾನದ ರೈಲಿಗೆ ಹಿಡಿಯುವ ಹೊತ್ತು ಮತ್ತು ಬ್ಲಾಕ್ ಕೆಲಸದ ಹೊತ್ತು ಇವುಗಳ ಮೊತ್ತದಿಂದ ಭಾಗಿಸಿ, ಬಂದದ್ದನ್ನು 0.7ರಿಂದ ಗುಣಿಸಬೇಕು.

ಲೆಕ್ಕಕ್ಕಾಗಿ 20 ಕಿ.ಮೀ. ಸೆಕ್ಷನ್ ಎಂದುಕೊಳ್ಳಿ. ಗಂಟೆಗೆ ಸರಾಸರಿ 50 ಕಿ.ಮೀ. ಹೋಗುವ ಗೂಡ್ಸಿಗೆ 24 ನಿಮಿಷ, ಬ್ಲಾಕ್ ಕೆಲಸಕ್ಕೆ ಎರಡೂವರೆ ನಿಮಿಷ. 1440ನ್ನು 26.5ರಿಂದ ಭಾಗಿಸಿ 0.7ರಿಂದ ಗುಣಿಸಿದರೆ ಎರಡೂ ದಿಕ್ಕು ಸೇರಿ ದಿನಕ್ಕೆ 38 ರೈಲು. ಸರಿಯಾಗಿ ನಡುವೆ ಒಂದು ಲೂಪ್ ಹಾಕಿ ಹತ್ತು-ಹತ್ತು ಕಿಲೋಮೀಟರ್ ಮಾಡಿದರೆ ಭಾಜಕ 14.5 ಆಗಿ ಉತ್ತರ 69ರ ಮೇಲೆ ಹೋಗುತ್ತದೆ. ಹೊಸ ಹಳಿ ಹಾಸಿದ್ದು ಒಂದು ಕಿಲೋಮೀಟರೂ ಇಲ್ಲ. ಆದರೆ ಒಂದು ಷರತ್ತು: ಪಕ್ಕದ ಸೆಕ್ಷನ್ ಇನ್ನೂ 18 ಕಿ.ಮೀ. ಇದ್ದರೆ ಈ ಲಾಭ ಅಲ್ಲಿಗೆ ಹೋಗಿ ನಿಂತುಬಿಡುತ್ತದೆ. ನಡುವೆ ಅಲ್ಲದೆ ಒಂದು ತುದಿಗೆ ಹತ್ತಿರ ಲೂಪ್ ಹಾಕಿದರೂ ಅಷ್ಟೇ. ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಹಾಕಿದ ಲೂಪು, ಎಲ್ಲಿ ಬೇಕೋ ಅಲ್ಲಿ ಹಾಕಿದ ಲೂಪಿನ ಅರ್ಧದಷ್ಟೂ ಕೆಲಸ ಮಾಡುವುದಿಲ್ಲ.

ಕೆಡುವುದು ಎಲ್ಲಿ?

ಲೂಪುಗಳ ಮೊದಲ ಶತ್ರು ಮಳೆಯಲ್ಲ, ಲೂಪಿನಲ್ಲೇ ಬೀಡುಬಿಟ್ಟ ಗೂಡ್ಸ್. ಸಿಬ್ಬಂದಿಯ ಕೆಲಸದ ಅವಧಿ ಮುಗಿದರೆ, ಮುಂದೆ ಇಳಿಸುವ ಜಾಗ ಖಾಲಿ ಇಲ್ಲದಿದ್ದರೆ ಅಥವಾ ಎಂಜಿನ್ ಬೇರೆಡೆ ಬೇಕಾದರೆ ರೇಕನ್ನು ದಾರಿಯ ಲೂಪಿನಲ್ಲಿ ಬಿಟ್ಟುಹೋಗುತ್ತಾರೆ. ಅಲ್ಲಿಗೆ ಆ ನಿಲ್ದಾಣ ಕ್ರಾಸಿಂಗ್ ಲೆಕ್ಕದಿಂದ ಹೊರಗೆ. ಮೇಲಿನ ಸೂತ್ರದ ಪ್ರಕಾರ ಎರಡು ಸೆಕ್ಷನ್ ಮತ್ತೆ ಒಂದಾಯಿತು, ಸಾಮರ್ಥ್ಯ ಹೆಚ್ಚುಕಮ್ಮಿ ಅರ್ಧವಾಯಿತು. ಯೆಲ್ಲೂರಿನ ವಿದ್ಯುತ್ ಸ್ಥಾವರಕ್ಕೆ ಪಣಂಬೂರಿನಿಂದ ಕಲ್ಲಿದ್ದಲು ರೇಕು ಹೋಗಿಬರುವುದು ಇದೇ ಒಂಟಿ ಹಳಿಯಲ್ಲಿ. ಇಳಿಸುವ ಕಡೆ ಎರಡು ಗಂಟೆ ತಡವಾದರೆ ಅದರ ಬಿಸಿ ಉಡುಪಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ತಟ್ಟುತ್ತದೆ. ರಸಗೊಬ್ಬರ, ಪೆಟ್ರೋಲಿಯಂ, ಬಂದರಿನ ಖಾಸಗಿ ಸೈಡಿಂಗುಗಳಲ್ಲಿ ಉಚಿತ ಅವಧಿ ಮೀರಿದರೆ ವ್ಯಾಗನ್ ಒಂದಕ್ಕೆ ಗಂಟೆಯ ಲೆಕ್ಕದಲ್ಲಿ ಡೆಮರೇಜ್ ಹಾಕುವುದು ಇದಕ್ಕಾಗಿ. ಆ ಹಣ ವ್ಯಾಗನ್ನಿನ ಬಾಡಿಗೆ ಎಂದು ಹೇಳುವವರಿದ್ದಾರೆ. ಅದು ಹಿಂದೆ ಕಾಯುತ್ತಿರುವ ರೇಕಿನ ಬಾಡಿಗೆ ಎಂದರೆ ಹೆಚ್ಚು ಸರಿ.

ಹಾಗೆ ಬಿಟ್ಟ ರೇಕು ತಾನಾಗಿ ಉರುಳದಂತೆ ನೋಡಿಕೊಳ್ಳಬೇಕು. ಯಾರ್ಡಿನ ಇಳಿಜಾರು 1:400ಕ್ಕಿಂತ ಕಡಿದಾಗಿರಬಾರದು ಎಂಬುದು ನಿಯಮ, 1:1200 ಆದರೆ ಒಳ್ಳೆಯದು. 1:400 ಎಂದರೆ 700 ಮೀಟರ್ ಉದ್ದಕ್ಕೆ 1.75 ಮೀಟರ್ ಇಳಿತ. ಕಣ್ಣಿಗೆ ಸಮತಟ್ಟು, ಆದರೆ ರೋಲರ್ ಬೇರಿಂಗಿನ ವ್ಯಾಗನ್ನಿಗೆ ಗಾಳಿ ಬ್ರೇಕ್ ಸೋರಿಹೋದ ಮೇಲೆ ಉರುಳಲು ಅಷ್ಟು ಸಾಕು. ಆದ್ದರಿಂದ ಎರಡೂ ತುದಿಯ ಹಲವು ವ್ಯಾಗನ್‌ಗಳ ಕೈಬ್ರೇಕ್ ತಿರುಗಿಸಿ ಬಿಗಿದು, ಗಾಲಿಗೆ ಮರದ ತುಂಡು ಒತ್ತರಿಸಿ, ಸರಪಳಿ ಹಾಕಿ ಬೀಗ ಜಡಿಯುತ್ತಾರೆ. ಲೂಪಿನ ಪಾಯಿಂಟನ್ನೂ ಮೇನ್‌ಗೆ ಸೇರದ ಹಾಗೆ ತಿರುಗಿಸಿಡುತ್ತಾರೆ.

ಘಾಟಿಯಲ್ಲಿ ಈ ಎಚ್ಚರಿಕೆ ಇನ್ನೊಂದು ಹಂತಕ್ಕೆ ಹೋಗುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ಹಾದಿಯಲ್ಲಿ 57 ಸುರಂಗ, ಇಳಿಜಾರು 1:50. ನಿಲ್ದಾಣದ ಕಡೆಗೆ 1:80ಕ್ಕಿಂತ ಕಡಿದಾದ ಇಳಿಜಾರಿದ್ದರೆ ಕ್ಯಾಚ್ ಸೈಡಿಂಗ್ ಕಡ್ಡಾಯ. ಹಿಡಿತ ತಪ್ಪಿ ಬರುವ ರೈಲನ್ನು ನಿಲ್ದಾಣಕ್ಕೆ ಬಿಡದೆ ಎದುರೇರಿನ ಕುರುಡು ಹಳಿಗೆ ಹತ್ತಿಸಿ ನಿಲ್ಲಿಸುವ ಏರ್ಪಾಡು ಅದು. ನಿಲ್ದಾಣದಿಂದ ಹೊರಕ್ಕೆ 1:100ಕ್ಕಿಂತ ಕಡಿದಾಗಿ ಇಳಿಯುತ್ತಿದ್ದರೆ ಸ್ಲಿಪ್ ಸೈಡಿಂಗ್. ನಿಂತ ಬೋಗಿ ಜಾರಿ ಸೆಕ್ಷನ್ನಿಗೆ ಇಳಿಯದಂತೆ ತಡೆಯುವುದು ಅದರ ಕೆಲಸ. ಯೆಡಕುಮೇರಿಯಂಥ ಕಡೆ ಕಾಡಿನ ನಡುವೆ ಎಲ್ಲಿಗೂ ಹೋಗದ ಹಳಿಯೊಂದು ಮೇಲಕ್ಕೆ ಹತ್ತಿ ಮಾಯವಾಗುವುದನ್ನು ನೀವು ಕಂಡಿರಬಹುದು. ಅದು ಯಾರೋ ಅರ್ಧಕ್ಕೆ ಬಿಟ್ಟ ಕಾಮಗಾರಿ ಅಲ್ಲ.

ಈಗ ಮಳೆಗೆ ಬರೋಣ. ಕರಾವಳಿಯ ಮಳೆಗಾಲದಲ್ಲಿ ನಿಲ್ದಾಣಗಳ ಒಳಗೆ ಎರಡು ಬಗೆಯ ತೊಂದರೆ. ಒಂದು, ಟ್ರ್ಯಾಕ್ ಸರ್ಕ್ಯೂಟ್. ಹಳಿಯಲ್ಲಿ ಸಣ್ಣ ವೋಲ್ಟೇಜಿನ ಕರೆಂಟ್ ಹರಿಸಿ, ಗಾಲಿಯ ಅಚ್ಚು ಅದನ್ನು ಶಾರ್ಟ್ ಮಾಡಿದರೆ ‘ರೈಲಿದೆ’ ಎಂದು ತಿಳಿಯುವ ಏರ್ಪಾಡು ಇದು. ಜಲ್ಲಿಯ ಸಂದಿಗೆ ಕೆಂಪು ಮಣ್ಣು ತುಂಬಿ ನೀರು ನಿಂತರೆ ಕರೆಂಟ್ ನೆಲಕ್ಕೆ ಸೋರಿ, ಇಲ್ಲದ ರೈಲು ಇದ್ದಂತೆ ತೋರುತ್ತದೆ. ಸಿಗ್ನಲ್ ಕೆಂಪು. ತಡವಾಗುತ್ತದೆ, ಅಪಾಯವಿಲ್ಲ. ನಿಜವಾಗಿ ಹೆದರಬೇಕಾದದ್ದು ಇದರ ತಿರುಗುಮುರುಗು. ಉಪ್ಪು ಗಾಳಿಗೆ, ವಾರಗಟ್ಟಲೆ ರೈಲು ಓಡದ ಸೈಡಿಂಗಿನ ಹಳಿಯ ತಲೆಯ ಮೇಲೆ ತುಕ್ಕಿನ ಪದರ ಕಟ್ಟುತ್ತದೆ. ಆಗ ಅಚ್ಚು ಸರಿಯಾಗಿ ಶಾರ್ಟ್ ಮಾಡದೆ, ನಿಂತಿರುವ ವ್ಯಾಗನ್ನೇ ಇಲ್ಲವೆಂಬಂತೆ ತೋರುವ ಸಾಧ್ಯತೆ ಇದೆ. ಬಳಸದ ಹಳಿಯಲ್ಲಿ ಆಗಾಗ ಎಂಜಿನ್ ಓಡಿಸಿ ತುಕ್ಕು ಉಜ್ಜಬೇಕಾದದ್ದು ಅದಕ್ಕೆ. ಅಚ್ಚುಗಳನ್ನು ಎಣಿಸುವ ಆಕ್ಸಲ್ ಕೌಂಟರಿಗೆ ತುಕ್ಕೂ ನೀರೂ ಅಷ್ಟಾಗಿ ಬಾಧಿಸುವುದಿಲ್ಲ, ಆದರೆ ಒಮ್ಮೆ ಎಣಿಕೆ ತಪ್ಪಿದರೆ ಹಳಿ ಖಾಲಿ ಇದೆ ಎಂದು ಖಚಿತಪಡಿಸಿಕೊಂಡೇ ರೀಸೆಟ್ ಮಾಡಬೇಕು.

ಇನ್ನೊಂದು, ಪಾಯಿಂಟ್. ಚೂಪು ಹಳಿ ಜಾರುವ ತಟ್ಟೆಗಳ ಮೇಲೆ ಕೆಸರು, ಎಲೆ ಸೇರಿದರೆ ಮೋಟಾರು ತಿರುಗಿಯೂ ಲಾಕ್ ಬೀಳುವುದಿಲ್ಲ. ಆಗ ಮಾಸ್ಟರ್ ಕ್ರ್ಯಾಂಕ್ ಹ್ಯಾಂಡಲ್ ತೆಗೆಯುತ್ತಾರೆ. ಅದನ್ನು ತೆಗೆದೊಡನೆ ಆ ಪಾಯಿಂಟಿಗೆ ಸೇರಿದ ಸಿಗ್ನಲ್‌ಗಳು ಕೆಂಪಿಗೆ ಕಟ್ಟುಬೀಳುತ್ತವೆ. ಸಿಬ್ಬಂದಿ ಕೊಡೆಯನ್ನೋ ರೇನ್‌ಕೋಟನ್ನೋ ಹಿಡಿದು ಯಾರ್ಡಿನ ತುದಿಯವರೆಗೆ ನಡೆದು, ಕೈಯಿಂದ ತಿರುಗಿಸಿ, ಚೂಪು ಹಳಿಗೆ ಕ್ಲ್ಯಾಂಪ್ ಕಟ್ಟಿ ಬೀಗ ಹಾಕಿ, ವಾಪಸ್ ವರದಿ ಕೊಡಬೇಕು. ಕೆಂಪು ಸಿಗ್ನಲ್ ದಾಟಲು ಲೋಕೋ ಪೈಲಟ್‌ಗೆ ಲಿಖಿತ ಅನುಮತಿ ಮುಟ್ಟಬೇಕು, ಪಾಯಿಂಟಿನ ಮೇಲೆ 15 ಕಿ.ಮೀ. ವೇಗದಲ್ಲಿ ಸಾಗಬೇಕು. ಜಡಿಮಳೆಯಲ್ಲಿ ಇಷ್ಟೆಲ್ಲ ಆಗುವಾಗ ಇಪ್ಪತ್ತು ನಿಮಿಷ ಹೇಗೆ ಹೋಯಿತು ಎಂದು ಕೇಳುವ ಹಾಗಿಲ್ಲ. ಇದರ ಜೊತೆಗೆ ಕೊಂಕಣ ಮಾರ್ಗಕ್ಕೆ ಮಳೆಗಾಲದ ಪ್ರತ್ಯೇಕ ವೇಳಾಪಟ್ಟಿ ಇದೆ. ಜೋರು ಮಳೆಯಲ್ಲಿ ವೇಗ ಗಂಟೆಗೆ 40 ಕಿ.ಮೀ.ಗೆ ಇಳಿಯುತ್ತದೆ. ವೇಗ ಇಳಿದಷ್ಟೂ ಸ್ಕಾಟ್ ಸೂತ್ರದ ಭಾಜಕ ಹಿಗ್ಗುತ್ತದೆ. ಮಳೆಗಾಲದಲ್ಲಿ ಕ್ರಾಸಿಂಗಿನ ಜಾಗಗಳೇ ಬದಲಾಗುವುದು ಹಾಗೆ.

ಸೆಂಟ್ರಲ್ ಮತ್ತು ಜಂಕ್ಷನ್

ಮಂಗಳೂರು ಸೆಂಟ್ರಲ್ 1907ರಿಂದ ಇರುವ ನಿಲ್ದಾಣ, ಪ್ರಯಾಣಿಕ ರೈಲಿನ ಮಟ್ಟಿಗೆ ಹಳಿಯ ಕೊನೆ. ಕೊನೆಯ ನಿಲ್ದಾಣದಲ್ಲಿ ಬಂದ ಎಂಜಿನ್ ತನ್ನದೇ ಬೋಗಿಗಳ ಹಿಂದೆ ಸೆರೆ. ಇನ್ನೊಂದು ತುದಿಗೆ ಬೇರೆ ಎಂಜಿನ್ ಹಚ್ಚಿ ಬೋಗಿಗಳನ್ನು ಎಳೆದೊಯ್ದ ಮೇಲೋ, ಎಂಜಿನ್ ತಪ್ಪಿಸಿಕೊಳ್ಳಲು ಪಕ್ಕದ ಹಳಿಗೆ ಕವಲು ಇದ್ದರೋ ಮಾತ್ರ ಅದು ಬಿಡುಗಡೆ. ಅಷ್ಟು ಹೊತ್ತೂ ಪ್ಲಾಟ್‌ಫಾರ್ಮ್ ತುಂಬಿದಂತೆಯೇ. ಶಂಟಿಂಗ್ ಮಾಡುವಾಗ ಯಾರ್ಡಿನ ಬಾಯಿಯೂ ಬಂದ್, ಹೊರಗಿನಿಂದ ಬರುವ ರೈಲಿಗೆ ಒಳದಾರಿ ಇಲ್ಲ. ಪಾಂಡೇಶ್ವರದ ಗೇಟಿನಲ್ಲಿ ಸ್ಕೂಟರ್ ಆಫ್ ಮಾಡಿ ಕೂತವರಿಗೆ ಈ ಓಡಾಟದ ಪರಿಚಯ ಇದ್ದೇ ಇದೆ.

ಬೆಂಗಳೂರು–ಕಣ್ಣೂರು ರೈಲು ಸೆಂಟ್ರಲ್‌ಗೆ ಬಂದು ದಿಕ್ಕು ಬದಲಿಸಿ ಹೊರಡಬೇಕು. ಎಂಜಿನ್ ಬಿಚ್ಚಿ, ಇನ್ನೊಂದು ತುದಿಗೆ ಹಚ್ಚಿ, ಬ್ರೇಕ್ ಪೈಪ್ ಮತ್ತು ಫೀಡ್ ಪೈಪ್ ಜೋಡಿಸಿ, ಬ್ರೇಕ್ ಪೈಪಿನಲ್ಲಿ ಪ್ರತಿ ಚದರ ಸೆಂ.ಮೀ.ಗೆ 5 ಕೆ.ಜಿ., ಫೀಡ್ ಪೈಪಿನಲ್ಲಿ 6 ಕೆ.ಜಿ. ಒತ್ತಡ ಏರಿಸಿ, ಕೊನೆಯ ಬೋಗಿಯಲ್ಲಿ ಬ್ರೇಕ್ ಹಿಡಿದು ಬಿಡುತ್ತಿದೆಯೇ ಎಂದು ನೋಡಬೇಕು. ಕೇರಳ–ಮುಂಬೈ ರೈಲುಗಳು ಊರಿನ ಇನ್ನೊಂದು ನಿಲ್ದಾಣವಾದ ಮಂಗಳೂರು ಜಂಕ್ಷನ್‌ನಲ್ಲೇ ನಿಂತು ಹೋಗುವುದು ಈ ಗೋಜು ಬೇಡವೆಂದು. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಜಂಕ್ಷನ್ನಿಗೂ ಬರದೆ ಪಡೀಲಿನ ಬೈಪಾಸ್ ಹಳಿಯಲ್ಲಿ ಸುರತ್ಕಲ್ ಕಡೆಗೆ ತಿರುಗಿಬಿಡುತ್ತದೆ. ಮಂಗಳೂರಿನವರಿಗೆ ಅದು ಅನ್ಯಾಯ ಅನ್ನಿಸಬಹುದು. ಉಡುಪಿ, ಕುಂದಾಪುರದವರಿಗೆ ಅದರಿಂದ ಉಳಿದ ಹೊತ್ತು ಸಣ್ಣದಲ್ಲ.

ಇನ್ನು ಪಿಟ್ ಲೈನ್. ಎರಡು ಹಳಿಗಳ ನಡುವೆ ಮನುಷ್ಯ ನಿಂತು ಬೋಗಿಯ ಅಡಿಯನ್ನು ನೋಡುವಷ್ಟು ಆಳದ ಕಾಂಕ್ರೀಟ್ ಗುಂಡಿ, ಪಕ್ಕದಲ್ಲಿ ದೀಪ, ನೀರಿನ ಕೊಳವೆ, ಗಾಳಿಯ ಪೈಪ್. ದೂರದ ರೈಲಿನ ರೇಕು ಹೊರಡುವ ಮುನ್ನ ಇಲ್ಲಿ ಪ್ರಾಥಮಿಕ ತಪಾಸಣೆಗೆ ಒಳಗಾಗಬೇಕು. ಬ್ರೇಕ್ ಪ್ಯಾಡ್, ಸ್ಪ್ರಿಂಗ್, ಬೋಲ್ಟು, ಜೈವಿಕ ಶೌಚದ ಟ್ಯಾಂಕ್, ಕೊಂಡಿ ಎಲ್ಲವನ್ನೂ ಒಂದೊಂದಾಗಿ ನೋಡುತ್ತಾರೆ. ಗಾಲಿ ಜಾರಿ ಸವೆದು ಚಪ್ಪಟೆಯಾದ ಜಾಗ ಪ್ರಯಾಣಿಕ ಬೋಗಿಯಲ್ಲಿ 50 ಮಿ.ಮೀ. ಮೀರಿದ್ದರೆ ಆ ಬೋಗಿ ಓಡುವಂತಿಲ್ಲ. ತೊಳೆದು, ನೀರು ತುಂಬಿ, ಗಾಳಿ ಒತ್ತಡದ ಪರೀಕ್ಷೆ ಮುಗಿದ ಮೇಲೆ ಬ್ರೇಕ್ ಪವರ್ ಸರ್ಟಿಫಿಕೇಟ್. ಅದಿಲ್ಲದೆ ಲೋಕೋ ಪೈಲಟ್ ರೈಲು ಮುಟ್ಟುವುದಿಲ್ಲ. ಪೂರ್ತಿ ರೇಕಿಗೆ ಸುಮಾರು ಆರು ಗಂಟೆ ಇಡುತ್ತಾರೆ. ಒಳಗೆ ತಳ್ಳಿ ಹೊರಗೆ ಎಳೆಯುವ ಶಂಟಿಂಗ್ ಸೇರಿದರೆ ಒಂದು ಪಿಟ್ ಲೈನಿನಿಂದ ದಿನಕ್ಕೆ ಮೂರು ರೇಕು ಹೊರಬರುವುದೇ ಹೆಚ್ಚು. ಎಲ್ಲ ರೈಲೂ ರಾತ್ರಿಯೇ ಹೊರಡಬೇಕು ಎಂದು ಜನ ಬಯಸುವುದರಿಂದ ಹಗಲಿನ ಅದೇ ಹೊತ್ತಿಗೆ ಎಲ್ಲ ರೇಕಿಗೂ ಪಿಟ್ ಬೇಕು. ಆಗ ದಿನಕ್ಕೆ ಮೂರು ರೇಕೂ ಹೊರಬರುವುದಿಲ್ಲ.

ಆದ್ದರಿಂದ ‘ಪಿಟ್ ಲೈನ್ ಸಾಲದು’ ಎಂಬುದು ನಿಜವಾದ ಕಾರಣ. ಆದರೆ ಅದೇ ಕೊನೆಯ ಮಾತಲ್ಲ. ಪಿಟ್ ಅಗತ್ಯವಿರುವುದು ರೇಕಿನ ಪ್ರಾಥಮಿಕ ತಪಾಸಣೆ ಮಂಗಳೂರಿನಲ್ಲೇ ಆಗಬೇಕಾದರೆ. ಇನ್ನೊಂದು ತುದಿಯಲ್ಲಿ ತಪಾಸಣೆಯಾಗಿ ಇಲ್ಲಿಗೆ ಬಂದು ಕೆಲ ಗಂಟೆ ನಿಂತು ಹಿಂತಿರುಗುವ ರೈಲಿಗೆ ನಿಲ್ಲುವ ಹಳಿ, ನೀರು, ಶುಚಿ, ಬ್ರೇಕ್ ಪರೀಕ್ಷೆ ಇಷ್ಟು ಸಾಕು. ಹೊರಊರಿನಿಂದ ಬಂದು ಹಗಲಿಡೀ ಸುಮ್ಮನೆ ನಿಂತಿರುವ ರೇಕು ಇದ್ದರೆ, ಅದನ್ನೇ ಹತ್ತಿರದ ಊರಿಗೆ ಒಂದು ಸುತ್ತು ಓಡಿಸಿ ತರಬಹುದೇ ಎಂದು ಕೇಳಲೂ ಬಹುದು. ನಿಮ್ಮ ಭಾಗದ ಸಂಘಟನೆಗಳು ಮುಂದಿನ ಬಾರಿ ಮನವಿ ಕೊಡುವಾಗ ‘ಹೊಸ ರೈಲು ಬೇಕು’ ಎಂದಷ್ಟೇ ಬರೆಯದೆ, ಯಾವ ರೇಕು ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ಹೊರಡುತ್ತದೆ, ನಡುವೆ ಎಷ್ಟು ಹೊತ್ತು ಖಾಲಿ ನಿಂತಿದೆ, ಅದರ ಪ್ರಾಥಮಿಕ ತಪಾಸಣೆ ಯಾವ ಊರಿನಲ್ಲಿ ಎಂಬ ಮೂರು ಮಾಹಿತಿಗಳನ್ನು ವೇಳಾಪಟ್ಟಿ ನೋಡಿ, ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಜೊತೆಗೆ ಲಗತ್ತಿಸಲಿ. ತೋಕೂರು–ಉಡುಪಿ ನಡುವಿನ ಲೂಪುಗಳಲ್ಲಿ 15 ಕಿ.ಮೀ. ವೇಗಮಿತಿ ಎಲ್ಲೆಲ್ಲಿ ಉಳಿದಿದೆ ಎಂಬ ಪ್ರಶ್ನೆಯನ್ನೂ ಅದೇ ಅರ್ಜಿಯಲ್ಲಿ ಸೇರಿಸಬಹುದು.